ಇಗ್ನಿಶನ್ ಬದಲಿಸಬೇಕೆಂದರೆ ಎಸಿ ತೆಗೆಯಲೇಬೇಕೇ?

ಪ್ರಶ್ನೆ: ನನ್ನದು 1994ರ ಕಾಂಟೆಸಾ ಕ್ಲಾಸಿಕ್. 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್ ಗಾಡಿ. ಹೆಡ್ ಸ್ವಲ್ಪ ಶೇವ್ ಮಾಡಿಸಿ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದ್ದೇನೆ. ಹಿಂದಿನ ಮಾಲೀಕರು ಪಾಯಿಂಟ್ ಸೆಟ್ ಇರುವ ಬೇರೆ ಡಿಸ್ಟ್ರಿಬ್ಯೂಟರ್ ಕೂರಿಸಿದ್ದರು. ಈಗ 4500 ಆರ್‌ಪಿಎಂ ದಾಟಿದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಎಸಿ ಹಾಕಿದರೆ ಸಿಗ್ನಲ್‌ನಲ್ಲಿ ಬಂದ್ ಬೀಳುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಹಾಕುವ, ಕಾಯಿಲ್ ಪ್ಯಾಕ್ ಇರುವ ಪ್ರೋಗ್ರಾಮೆಬಲ್ ಇಗ್ನಿಶನ್ ಕಿಟ್ ಹೊರಗಿನಿಂದ ತರಿಸಿದೆ. ಜೊತೆಗೆ ಬಂದ ಕಾಗದದಲ್ಲಿ ‘ಎಸಿ ಪುಲ್ಲಿ ಇದ್ದರೆ ತೆಗೆಯಿರಿ’ ಎಂದಿದೆ. ಗದಗಿನ ಮಿಸ್ತ್ರಿಯೂ ‘ಎಸಿ ಇಟ್ಕೊಂಡ್ರ ಇದು ಆಗಂಗಿಲ್ರೀ, ಎರಡ್ರಾಗ ಒಂದು ಬಿಡ್ರಿ’ ಅಂದರು. ಎಸಿ ಕಂಡೆನ್ಸರ್ ಇಗ್ನಿಶನ್ನಿನ ಕರೆಂಟ್ ಎಳೆಯುತ್ತದೆ ಅಂತಲೂ ಹೇಳಿದರು. ಮನೆಯಲ್ಲಿ 76 ವರ್ಷದ ತಾಯಿ ಇದ್ದಾರೆ. ತಿಂಗಳಿಗೆ ಎರಡು ಸಲ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತರುವುದು ಇದೇ ಗಾಡಿಯಲ್ಲಿ. ಬೇಸಿಗೆಯಲ್ಲಿ ಎಸಿ ಇಲ್ಲದೆ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಎಸಿ ತೆಗೆಯಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರ ಓದಿದರೆ ನೀವು ಅರ್ಧ ಮನಸ್ಸು ಮಾಡಿಬಿಟ್ಟ ಹಾಗೆ ಕಾಣುತ್ತದೆ. ಗದಗಿನಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಬರುವ ಆ ಬಯಲು ರಸ್ತೆಯಲ್ಲಿ ಏಪ್ರಿಲ್ ಮಧ್ಯಾಹ್ನ ಗಾಜು ಇಳಿಸಿಕೊಂಡು ಬಂದರೆ ಮುಖಕ್ಕೆ ಬಡಿಯುವುದು ಗಾಳಿಯಲ್ಲ, ಒಲೆಯ ಝಳ. 76 ವರ್ಷದ ತಾಯಿಯನ್ನು ಆ ಝಳದಲ್ಲಿ ಕೂರಿಸಿ ಎಂಜಿನ್ನಿಗೆ ಒಳ್ಳೆಯ ಕಿಡಿ ಕೊಟ್ಟು ಏನು ಪ್ರಯೋಜನ?

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿವೆ. 4500ರ ಮೇಲೆ ಮಿಸ್ ಆಗುವುದು ಇಗ್ನಿಶನ್ನಿನ ತೊಂದರೆ. ಎಸಿ ಹಾಕಿದಾಗ ಬಂದ್ ಬೀಳುವುದು ಐಡ್ಲಿಂಗ್‌ನ ತೊಂದರೆ. ಕಿಟ್‌ನ ಕಾಗದ ಹೇಳುತ್ತಿರುವುದು ಇವೆರಡೂ ಅಲ್ಲ, ಅದು ಬರೀ ಜಾಗದ ತಕರಾರು. ಬ್ಯಾಟರಿಯ 12 ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವುದು ಕಾಯಿಲ್, ಅದನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್, ಅದರೊಳಗೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚೇ ಪಾಯಿಂಟ್. ಇಷ್ಟು ನೆನಪಿಟ್ಟುಕೊಂಡು ಒಂದೊಂದಾಗಿ ಬಿಡಿಸೋಣ.

ಕಾಗದದಿಂದಲೇ ಶುರು ಮಾಡುತ್ತೇನೆ. ಇಂಥ ಕಿಟ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ಎಲ್ಲಿದೆ ಎಂದು ತಿಳಿಯಲು ಒಂದು ಹಲ್ಲಿನ ಚಕ್ರ ಇರುತ್ತದೆ. ಸಾಮಾನ್ಯವಾಗಿ 36 ಹಲ್ಲುಗಳ ಜಾಗದಲ್ಲಿ ಒಂದು ಖಾಲಿ, ಇಲ್ಲವೇ 60ರಲ್ಲಿ ಎರಡು ಖಾಲಿ. ಪಕ್ಕದಲ್ಲಿ ಕೂತ ಸೆನ್ಸರ್ ಹಲ್ಲುಗಳನ್ನು ಎಣಿಸುತ್ತದೆ, ಖಾಲಿ ಜಾಗ ಬಂದಾಗ ‘ಇಲ್ಲಿಂದ ಲೆಕ್ಕ’ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆ ಚಕ್ರ ಕೂರಿಸಲು ಸುಲಭವಾದ ಜಾಗ ಯಾವುದು? ಕ್ರ್ಯಾಂಕ್ ಪುಲ್ಲಿಯ ಮುಂಭಾಗ. ಎಸಿ ಬೆಲ್ಟ್ ಓಡುವ ಗ್ರೂವ್ ಬಹಳ ಗಾಡಿಗಳಲ್ಲಿ ಇರುವುದೂ ಅಲ್ಲೇ, ಎಲ್ಲಕ್ಕಿಂತ ಹೊರಗಡೆ. ಹಳೆಯ ಗಾಳಿ ತಂಪಿನ ಪೋರ್ಷೆ 911 ಎಂಜಿನ್ನಿನಲ್ಲೂ ಎಸಿ ಬೆಲ್ಟ್ ಕ್ರ್ಯಾಂಕ್ ಪುಲ್ಲಿಯಿಂದಲೇ ಹೊರಡುತ್ತದೆ, ಅಲ್ಲಿಯೂ ಇದೇ ಜಗಳ. ರೇಸಿಗೆ ಓಡಿಸುವವರು ತೂಕ ಉಳಿಯಲಿ ಎಂದು ಎಸಿಯನ್ನು ಮೊದಲೇ ಕಿತ್ತಿರುತ್ತಾರೆ, ಹಾಗಾಗಿ ಅವರಿಗೆ ಆ ಜಾಗ ಖಾಲಿ. ಕಿಟ್ ಮಾಡುವವರು ಅವರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಕಾಗದ ಬರೆಯುತ್ತಾರೆ. ನಿಮ್ಮದು ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿ. ಆ ಕಾಗದ ನಿಮಗಾಗಿ ಬರೆದದ್ದಲ್ಲ.

ಇನ್ನು ಕಂಡೆನ್ಸರ್ ವಿಷಯ. ಇದು ಬರೀ ಹೆಸರಿನ ಗೊಂದಲ. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ತಗಡಿನ ಡಬ್ಬಿ ಇರುತ್ತದೆ, ಪಾಯಿಂಟ್ ಬಿಚ್ಚುವಾಗ ಕಿಡಿ ಹಾರದಂತೆ ಕಾಯುವುದು ಅದರ ಕೆಲಸ. ಅದನ್ನೂ ಕಂಡೆನ್ಸರ್ ಅನ್ನುತ್ತೇವೆ. ರೇಡಿಯೇಟರ್ ಮುಂದೆ ಜಾಲರಿಯಂತೆ ನಿಂತಿರುವ ಎಸಿಯ ಕಂಡೆನ್ಸರ್ ಗ್ಯಾಸ್ ತಂಪು ಮಾಡುತ್ತದೆ. ಅದರಲ್ಲಿ ಕರೆಂಟೇ ಇಲ್ಲ. ಮೊದಲನೆಯದು ಹಾಳಾದರೆ ನಿಮ್ಮ ಮಿಸ್ಸಿಂಗ್ ಖಂಡಿತ ಬರುತ್ತದೆ, ಎರಡನೆಯದಕ್ಕೂ ಕಿಡಿಗೂ ಸಂಬಂಧವಿಲ್ಲ. ನಿಮ್ಮ ಮಿಸ್ತ್ರಿ ಬಹುಶಃ ಮೊದಲನೆಯದರ ಬಗ್ಗೆ ಹೇಳಿರಬೇಕು, ನೀವು ಎರಡನೆಯದು ಎಂದು ತಿಳಿದಿರಬೇಕು. ಹೋಗಿ ಒಮ್ಮೆ ಕೇಳಿ ನೋಡಿ.

ಹಾಗೆಂದು ಎಸಿಗೂ ಇಗ್ನಿಶನ್ನಿಗೂ ಏನೂ ಸಂಬಂಧವಿಲ್ಲ ಅಂತಲ್ಲ. ಮೂರು ಕಡೆ ಇದೆ. ಕಂಪ್ರೆಸರ್ ಹಿಡಿದಾಗ ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ, ಐಡ್ಲಿಂಗ್ ಇಳಿಯುತ್ತದೆ. ಬ್ಲೋವರ್, ಫ್ಯಾನ್, ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಸೇರಿ ಕರೆಂಟ್ ಎಳೆಯುತ್ತವೆ, ಕಾಯಿಲ್‌ಗೆ ವೋಲ್ಟೇಜ್ ಕಡಿಮೆ ಆಗುತ್ತದೆ. ಕಂಪ್ರೆಸರ್ ಕ್ಲಚ್ ಬಿಡುವಾಗ ವೈರಿನಲ್ಲಿ ಒಂದು ಹೊಡೆತ ಏಳುತ್ತದೆ, ಅದು ಎಲೆಕ್ಟ್ರಾನಿಕ್ ಇಗ್ನಿಶನ್ನಿನ ತಲೆ ಕೆಡಿಸಬಹುದು. ಮೂರಕ್ಕೂ ಮದ್ದು ಇದೆ, ಮುಂದೆ ಬರುತ್ತೇನೆ.

ಮೊದಲು ಮಿಸ್ಸಿಂಗ್. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಒಂದೇ ಕಾಯಿಲ್ ಸೆಕೆಂಡಿಗೆ 200 ಕಿಡಿ ಕೊಡಬೇಕು. ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಇರುವುದು 5 ಮಿಲಿಸೆಕೆಂಡ್ ಮಾತ್ರ, ಅಷ್ಟರೊಳಗೆ ಕಾಯಿಲ್ ತುಂಬಿಕೊಳ್ಳಬೇಕು. ಪಾಯಿಂಟ್ ಸೆಟ್‌ನ ಸ್ಪ್ರಿಂಗ್ ಸೋತಿದ್ದರೆ ಆ ವೇಗದಲ್ಲಿ ಪಾಯಿಂಟ್ ಪೂರ್ತಿ ಮುಚ್ಚದೆ ಪುಟಿಯುತ್ತದೆ, ಕಾಯಿಲ್ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಶ್ ಸವೆದಿದ್ದರಂತೂ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು ಆಗುತ್ತದೆ. ಕ್ಯಾಪ್ ತೆಗೆದು ರೋಟರ್ ಹಿಡಿದು ಅಡ್ಡಕ್ಕೆ ಅಲುಗಾಡಿಸಿ ನೋಡಿ, ಕೈಗೆ ‘ಕಟ್ ಕಟ್’ ಅಂತ ಸಡಿಲ ಸಿಕ್ಕರೆ ಬುಶ್ ಹೋಗಿದೆ. ಇದನ್ನು ಸರಿಮಾಡದೆ ಮೇಲೆ ಎಂಥ ದುಬಾರಿ ಪೆಟ್ಟಿಗೆ ಇಟ್ಟರೂ ಪ್ರಯೋಜನವಿಲ್ಲ. ನನ್ನ ಬಳಿ ಬರುವ ಮಿಸ್ಸಿಂಗ್ ಗಾಡಿಗಳಲ್ಲಿ ಹೆಚ್ಚಿನವು ಹೊಸ ಪಾಯಿಂಟ್, ಹೊಸ ಕಂಡೆನ್ಸರ್, ಒಳ್ಳೆಯ ಪ್ಲಗ್ ವೈರ್ ಇಷ್ಟರಲ್ಲೇ ಸರಿಹೋಗಿ ಹೋಗುತ್ತವೆ.

ಬದಲಿಸಲೇಬೇಕು ಎಂದರೆ ದಾರಿಗಳು ಹಲವು. ಎಲ್ಲಕ್ಕಿಂತ ಚಿಕ್ಕದು, ಪಾಯಿಂಟ್ ತೆಗೆದು ಅದೇ ತಟ್ಟೆಯ ಮೇಲೆ ಎಲೆಕ್ಟ್ರಾನಿಕ್ ಪಿಕಪ್ ಕೂರಿಸುವುದು. ಪುಲ್ಲಿ ಮುಟ್ಟುವ ಮಾತೇ ಇಲ್ಲ, ಎಸಿ ತನ್ನ ಪಾಡಿಗೆ ಇರುತ್ತದೆ. ಒಂದೇ ಎಚ್ಚರಿಕೆ: ಇಂಥ ಸಾದಾ ಮಾಡ್ಯೂಲ್‌ಗೆ 3 ಓಮ್ ಆಸುಪಾಸಿನ ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) ಇರುವ ಕಾಯಿಲ್ ಬೇಕು. ‘ಹೈ ಪವರ್’ ಅಂತ ಒಂದು ಓಮ್‌ಗಿಂತ ಕಡಿಮೆಯ ಕಾಯಿಲ್ ಜೋಡಿಸಿ, ಎಂಜಿನ್ ಓಡದಿರುವಾಗ ಇಗ್ನಿಶನ್ ಆನ್ ಇಟ್ಟು ಟೇಪ್ ಕೇಳುತ್ತ ಕೂತರೆ ಮಾಡ್ಯೂಲ್ ಸುಟ್ಟಿತು ಅಂತಲೇ ತಿಳಿಯಿರಿ.

ಎರಡನೆಯದು ಸಿಡಿಐ ಪೆಟ್ಟಿಗೆ. ಎಂಎಸ್‌ಡಿ ಕಂಪನಿಯ 6 ಸರಣಿಯ ಹೆಸರು ಕೇಳಿರುತ್ತೀರಿ. ಇದು ಕಾಯಿಲ್‌ಗೆ 12 ವೋಲ್ಟ್ ಬದಲು 400ಕ್ಕೂ ಹೆಚ್ಚು ವೋಲ್ಟ್ ಕೊಡುತ್ತದೆ, 3000 ಆರ್‌ಪಿಎಂ ಒಳಗೆ ಒಂದೇ ಸರದಿಯಲ್ಲಿ ಹಲವು ಕಿಡಿ ಹಾರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದೇ, ಪುಲ್ಲಿ ಅದೇ. ಕರೆಂಟ್ ಎಳೆತ ಸುಮಾರು ಸಾವಿರ ಆರ್‌ಪಿಎಂಗೆ ಒಂದು ಆಂಪಿಯರ್. ಸಾದಾ ತಾಮ್ರದ ಪ್ಲಗ್ ವೈರ್ ಇದ್ದರೆ ರೇಡಿಯೋದಿಂದ ಹಿಡಿದು ಎಲ್ಲದಕ್ಕೂ ಗಲಾಟೆ ಮಾಡುತ್ತದೆ, ಸಪ್ರೆಶನ್ ವೈರ್ ಕಡ್ಡಾಯ. ಕಿಡಿ ಬಲವಾಗುತ್ತದೆ ನಿಜ, ಆದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಮಾತ್ರ ಡಿಸ್ಟ್ರಿಬ್ಯೂಟರಿನ ಹಳೆಯ ತೂಕದ ಬಿಲ್ಲೆಗಳೂ ಸ್ಪ್ರಿಂಗೂ ಹೇಳಿದಂತೆಯೇ. ಹೆಡ್ ಶೇವ್ ಮಾಡಿಸಿ ಕಂಪ್ರೆಶನ್ ಏರಿಸಿಕೊಂಡ ನಿಮಗೆ ಬೇಕಾಗಿರುವುದು ಟೈಮಿಂಗ್ ಮೇಲಿನ ಹಿಡಿತ. ಹಾಗಾಗಿ ಇದಕ್ಕೆ ದುಡ್ಡು ಹಾಕಿ ಎಂದು ನಾನು ಹೇಳುವುದಿಲ್ಲ.

ಮೂರನೆಯದು ನೀವು ತರಿಸಿದ್ದು. ಕಾಯಿಲ್ ಪ್ಯಾಕ್‌ನಲ್ಲಿ 1 ಮತ್ತು 4ಕ್ಕೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. ಪ್ರತಿ ಸುತ್ತಿಗೂ ಎರಡೂ ಪ್ಲಗ್‌ಗಳಲ್ಲಿ ಕಿಡಿ, ಒಂದು ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆ ಹೋಗುವಾಗ ವ್ಯರ್ಥವಾಗಿ ಹಾರುತ್ತದೆ. ಕೆಲಸ ಇಬ್ಬರಿಗೆ ಹಂಚಿದ್ದರಿಂದ 6000ದಲ್ಲೂ ಒಂದೊಂದು ಕಾಯಿಲ್‌ಗೆ 10 ಮಿಲಿಸೆಕೆಂಡ್ ಬಿಡುವು. ಒಳ್ಳೆಯ ವಸ್ತು, ಅದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರುವುದು ಚಕ್ರವನ್ನು ಎಲ್ಲಿ ಕೂರಿಸುವುದು ಎಂಬುದರಲ್ಲಿ.

ಮುಂದೆ ಕೂರಿಸಬೇಡಿ. ಯಾಕೆ ಹೇಳುತ್ತಿದ್ದೇನೆಂದರೆ ನಾನೇ ಒಮ್ಮೆ ಕೂರಿಸಿದ್ದೆ. ಹನ್ನೆರಡು ವರ್ಷದ ಹಿಂದಿನ ಮಾತು. ಧಾರವಾಡದ ಒಬ್ಬರ ಗಾಡಿ, ಎಸಿ ಬೆಲ್ಟ್‌ನ ಹೊರಗಡೆ 3 ಮಿ.ಮೀ. ತಗಡಿನ ಚಕ್ರ, ಅದಕ್ಕೆ ಮುಂದಿನಿಂದ ಬಂದ ಸೆನ್ಸರ್ ಬ್ರಾಕೆಟ್. ಶೆಡ್‌ನಲ್ಲಿ ನಿಂತಾಗ ಗಡಿಯಾರದ ಹಾಗೆ ಓಡಿತು. ಅವರು ಮನೆಮಂದಿಯೊಂದಿಗೆ ಕಾರವಾರಕ್ಕೆ ಹೊರಟರು. ಅರಬೈಲ್ ಘಾಟಿನಲ್ಲಿ ರಾತ್ರಿ ಎಸಿ ಬೆಲ್ಟ್ ಅಂಚು ಬಿಚ್ಚಿ, ಅದರ ನೂಲಿನ ಎಳೆ ಚಾವಟಿಯಂತೆ ಬೀಸಿ ಸೆನ್ಸರಿನ ವೈರ್ ಕಿತ್ತಿತು. ಎಸಿ ಬೆಲ್ಟ್ ಹರಿದರೆ ಎಸಿ ನಿಲ್ಲಬೇಕಿತ್ತು ಅಷ್ಟೆ. ಎಂಜಿನ್ನೇ ನಿಂತಿತು. ತಿರುವಿನಲ್ಲಿ, ಲಾರಿಗಳ ನಡುವೆ, ಒಳಗೆ ಎರಡು ವರ್ಷದ ಮಗು. ಹುಬ್ಬಳ್ಳಿಯಿಂದ ನಾನು ಅಲ್ಲಿಗೆ ಮುಟ್ಟುವ ತನಕ ಅವರು ರಸ್ತೆ ಬದಿಯಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಆ ಚಿತ್ರ ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಎಸಿ ಇರುವ ಯಾವ ಗಾಡಿಗೂ ಹೊರಗಡೆ ಚಕ್ರ ಹಾಕಿಲ್ಲ.

ಇನ್ನೊಂದು ಕಾರಣವೂ ಇದೆ. ಚಕ್ರ ಪುಲ್ಲಿಗಿಂತ ದೊಡ್ಡದಿದ್ದರೆ ಎಸಿ ಬೆಲ್ಟ್ ಬದಲಿಸಲು ಪ್ರತಿ ಸಲ ಚಕ್ರ ಬಿಚ್ಚಬೇಕು. ನಾಲ್ಕು ಬೋಲ್ಟ್ ಸಮದೂರದಲ್ಲಿದ್ದರೆ ಅದು ನಾಲ್ಕು ರೀತಿ ಕೂರುತ್ತದೆ, ಮೂರು ತಪ್ಪು. ಅಣ್ಣಿಗೇರಿಯ ಬಸ್ ಸ್ಟ್ಯಾಂಡ್ ಬಳಿಯ ಗ್ಯಾರೇಜಿನ ಹುಡುಗನಿಗೆ ಇದು ಹೇಗೆ ಗೊತ್ತಾಗಬೇಕು?

ಉಳಿದ ಜಾಗಗಳಲ್ಲಿ ನನಗೆ ಹಿಡಿಸಿದ್ದು ಪುಲ್ಲಿಯ ಹಿಂಭಾಗ, ಅಂದರೆ ಪುಲ್ಲಿಗೂ ಟೈಮಿಂಗ್ ಕವರ್‌ಗೂ ನಡುವೆ. ಅಲ್ಲಿ ಜಾಗ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಮಕ್ಕಳು ಆಡುವ ಬಣ್ಣದ ಮಣ್ಣಿನ ಉಂಡೆಯನ್ನು ಅಲ್ಲಿ ಅಂಟಿಸಿ, ಪ್ಲಗ್ ತೆಗೆದು ಎಂಜಿನ್ನನ್ನು ಪಾನಾದಿಂದ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಉಳಿದ ಮಣ್ಣಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. 10 ಮಿ.ಮೀ. ಸಿಕ್ಕರೆ 4 ಮಿ.ಮೀ. ಚಕ್ರ ನೆಮ್ಮದಿಯಿಂದ ಕೂರುತ್ತದೆ. ಸೆನ್ಸರ್ ಒಳಗಿನ ಬೆಲ್ಟ್‌ಗೆ ತಾಗದಷ್ಟು ದೂರ ಇರಬೇಕು, ಬ್ರಾಕೆಟ್ ಎಂಜಿನ್ ಬ್ಲಾಕಿಗೇ ಬಿಗಿಯಬೇಕು. ಆಲ್ಟರ್ನೇಟರಿನ ಪಟ್ಟಿಗೆ ಬಿಗಿದರೆ ಬೆಲ್ಟ್ ಟೈಟ್ ಮಾಡಿದಾಗಲೆಲ್ಲ ಟೈಮಿಂಗ್ ಸರಿದಾಡುತ್ತದೆ. ಹಲ್ಲಿಗೂ ಸೆನ್ಸರಿಗೂ 0.8 ಮಿ.ಮೀ. ಆಸುಪಾಸಿನ ಗ್ಯಾಪ್, ಫೀಲರ್ ಗೇಜ್ ಹಾಕಿ ನೋಡಿ.

ಈ ಕೆಲಸಕ್ಕೆ ಪುಲ್ಲಿ ಲೇತ್‌ಗೆ ಹೋಗಲೇಬೇಕು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೊಡುವ ಮೊದಲು ಒಂದು ನೋಡಿ: ಪುಲ್ಲಿಯ ನಡುವಿನ ಗುಂಬಕ್ಕೂ ಹೊರಬಳೆಗೂ ನಡುವೆ ರಬ್ಬರ್ ಉಂಗುರ ಇದೆಯೇ? ಇದ್ದರೆ ಚಕ್ರ ಒಳಗುಂಬಕ್ಕೇ ಕೂರಬೇಕು. ರಬ್ಬರ್ ಹಳತಾದಾಗ ಹೊರಬಳೆ ನಿಧಾನವಾಗಿ ಜಾರುತ್ತದೆ, ಚಕ್ರ ಅದರ ಮೇಲಿದ್ದರೆ ಟೈಮಿಂಗೂ ಅದರ ಜೊತೆ ಜಾರುತ್ತದೆ. ವೆಲ್ಡಿಂಗ್ ಬೇಡ, ರಬ್ಬರ್ ಸುಡುತ್ತದೆ. ಬೋಲ್ಟ್ ಹಾಕಿಸಿ, ಒಂದು ಪಿನ್ನನ್ನು ಬೇಕೆಂದೇ ವಾರೆ ಜಾಗದಲ್ಲಿ ಹೊಡೆಸಿ. ಆಗ ಚಕ್ರ ಒಂದೇ ರೀತಿ ಕೂರುತ್ತದೆ. ಪುಲ್ಲಿ ಒಂದು ಕೂದಲು ಮುಂದೆ ಬಂದರೂ ಎಸಿ ಬೆಲ್ಟ್ ವಾರೆಯಾಗಿ ಓಡಿ ಅಂಚು ತಿನ್ನುತ್ತದೆ. ಕ್ರ್ಯಾಂಕ್ ಪುಲ್ಲಿಯಿಂದ ಕಂಪ್ರೆಸರ್ ಪುಲ್ಲಿಗೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿ, ವ್ಯತ್ಯಾಸ ಒಂದೂವರೆ ಮಿ.ಮೀ. ಒಳಗಿರಲಿ. ಹೆಚ್ಚಿದ್ದರೆ ಕಂಪ್ರೆಸರ್ ಬ್ರಾಕೆಟ್ಟಿಗೆ ವಾಷರ್ ಕೊಟ್ಟು ಸರಿಮಾಡಿ. ಇದಕ್ಕಾಗಿ ಗ್ಯಾಸ್ ಬಿಡುವ ಅಗತ್ಯವೇ ಇಲ್ಲ. ಪೈಪ್ ಬಿಚ್ಚದೆ ಕಂಪ್ರೆಸರನ್ನು ಪೈಪ್ ಸಮೇತ ಪಕ್ಕಕ್ಕೆ ಸರಿಸಿ, ಭಾರ ಪೈಪಿನ ಮೇಲೆ ಬೀಳದಂತೆ ಹಗ್ಗದಲ್ಲಿ ಕಟ್ಟಿಕೊಂಡು ಕೆಲಸ ಮಾಡಬಹುದು.

ಹಿಂದೆ ಜಾಗವೇ ಇಲ್ಲದಿದ್ದರೆ? ಆಗ ಪುಲ್ಲಿಯ ಆಸೆ ಬಿಡಿ, ಡಿಸ್ಟ್ರಿಬ್ಯೂಟರಿನ ಒಳಗೇ, ಅಯಸ್ಕಾಂತದ ಸುಳಿವಿನಿಂದ ಶಾಫ್ಟ್ ಎಲ್ಲಿದೆ ಎಂದು ಅರಿಯುವ ಹಾಲ್ ಸೆನ್ಸರ್ ಕೂರಿಸಿ. ಒಳಗಿನ ತೂಕ, ಸ್ಪ್ರಿಂಗ್ ಎಲ್ಲ ಲಾಕ್ ಮಾಡಿ, ಅಡ್ವಾನ್ಸ್, ಅಂದರೆ ಕಿಡಿ ಎಷ್ಟು ಮುಂಚೆ ಹಾರಬೇಕು ಎಂಬುದನ್ನು, ಪೂರ್ತಿ ಕಂಪ್ಯೂಟರಿಗೆ ಒಪ್ಪಿಸಬೇಕು. ಕಾಯಿಲ್ ಒಂದೇ, ಕ್ಯಾಪ್ ರೋಟರ್ ಇದ್ದ ಹಾಗೇ. ಕ್ರ್ಯಾಂಕ್‌ನಿಂದ ಡಿಸ್ಟ್ರಿಬ್ಯೂಟರ್ ತನಕ ಚೈನ್, ಗೇರ್‌ಗಳ ಸಡಿಲ ಇರುವುದರಿಂದ ಟೈಮಿಂಗ್ ಒಂದೆರಡು ಡಿಗ್ರಿ ಅತ್ತಿತ್ತ ಆಗುತ್ತದೆ. ರೇಸಿಗೆ ಅದು ಸಾಲದು, ಗದಗ–ಹುಬ್ಬಳ್ಳಿಗೆ ಸಾಕು. ಇಲ್ಲಿ ಬಹಳ ಜನ ತಪ್ಪುವ ಒಂದು ಸೂಕ್ಷ್ಮ ಇದೆ. ಕಂಪ್ಯೂಟರ್ ಟೈಮಿಂಗ್ ಮುಂದೆ ಹಿಂದೆ ಮಾಡಿದಾಗ ಕಿಡಿ ಹಾರುವ ಗಳಿಗೆಯಲ್ಲಿ ರೋಟರ್ ಎಲ್ಲಿದೆ ಎಂಬುದೂ ಬದಲಾಗುತ್ತದೆ. ಕ್ರ್ಯಾಂಕ್‌ನಲ್ಲಿ 30 ಡಿಗ್ರಿ ಅಂದರೆ ರೋಟರ್‌ನಲ್ಲಿ 15. ಸರಿಯಾಗಿ ಹೊಂದಿಸದಿದ್ದರೆ ಕಿಡಿ ಪಕ್ಕದ ಸಿಲಿಂಡರಿಗೆ ನೆಗೆಯುತ್ತದೆ. ಒಂದು ಹಳೆಯ ಕ್ಯಾಪ್‌ನಲ್ಲಿ 1ನೇ ಟರ್ಮಿನಲ್ ಪಕ್ಕ ತೂತು ಕೊರೆದು, ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ಓಡುವಾಗ ರೋಟರಿನ ತುದಿ ಎಲ್ಲಿ ನಿಂತಂತೆ ಕಾಣುತ್ತದೆ ನೋಡಿ. ಐಡ್ಲಿಂಗ್‌ನಲ್ಲೂ 3000ದಲ್ಲೂ ತುದಿ ಟರ್ಮಿನಲ್ಲಿನ ಎದುರೇ ಇರಬೇಕು.

ಅಂದಹಾಗೆ, ಕಾಯಿಲ್ ಪ್ಯಾಕ್ ಹಾಕಿದ ಮೇಲೆ ಡಿಸ್ಟ್ರಿಬ್ಯೂಟರ್ ಯಾಕೆ ಬೇಕು ಎಂದು ಕಿತ್ತು ತಗಡು ಮುಚ್ಚಬೇಡಿ. ಕೆಲವು ಎಂಜಿನ್ನುಗಳಲ್ಲಿ ಆ ಶಾಫ್ಟೇ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ಮೊದಲು ಖಾತ್ರಿ ಮಾಡಿಕೊಳ್ಳಿ.

ಈಗ ವೈರಿಂಗ್. ಕಂಪ್ರೆಸರ್ ಕ್ಲಚ್ ಎಂದರೆ ತಾಮ್ರದ ದೊಡ್ಡ ಸುರುಳಿ, 3–4 ಆಂಪಿಯರ್ ಎಳೆಯುತ್ತದೆ. ಥರ್ಮೋಸ್ಟಾಟ್ ಅದನ್ನು ಕಡಿದಾಗ ಸುರುಳಿಯಲ್ಲಿದ್ದ ಶಕ್ತಿ ವೈರಿಗೆ ವಾಪಸ್ ಒದೆಯುತ್ತದೆ, ಗಳಿಗೆ ಮಾತ್ರ 100 ವೋಲ್ಟ್‌ಗೂ ಮೀರಿ. ಪಾಯಿಂಟ್ ಸೆಟ್ ಅದನ್ನು ಲೆಕ್ಕಿಸುವುದಿಲ್ಲ, ಹಾಗಾಗಿಯೇ ಹಳೆಯ ಗಾಡಿಗಳಲ್ಲಿ ಯಾರಿಗೂ ಇದರ ಪರಿವೆ ಇರಲಿಲ್ಲ. ಕಂಪ್ಯೂಟರ್ ಲೆಕ್ಕಿಸುತ್ತದೆ. ಸೆನ್ಸರಿನಿಂದ ಒಂದು ಸುಳ್ಳು ಹಲ್ಲು ಬಂದಂತೆ ಎಣಿಸಿ ಒಂದು ಕಿಡಿ ತಪ್ಪಿಸುತ್ತದೆ. ‘ಎಸಿ ಕಟ್ ಆದಾಗಲೆಲ್ಲ ಗಾಡಿ ಒಂದು ಜರ್ಕ್ ಹೊಡೆಯುತ್ತದ್ರೀ’ ಎಂದು ಬರುವವರ ಕಾಯಿಲೆ ಇದೇ. ಮದ್ದು ಒಂದು ಡಯೋಡ್, 1ಎನ್5408 ಎಂದು ಕೇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬೆಳ್ಳಿ ಪಟ್ಟಿ ಇರುವ ತುದಿ ಕ್ಲಚ್‌ನ ಪಾಸಿಟಿವ್‌ಗೆ, ಇನ್ನೊಂದು ಅರ್ತ್‌ಗೆ. ಉಲ್ಟಾ ಹಾಕಿದರೆ ಫ್ಯೂಸ್ ಹಾರುತ್ತದೆ. ಸೆನ್ಸರ್ ವೈರ್ ಜಾಲರಿ ಹೊದಿಕೆಯದೇ ಇರಲಿ, ಹೊದಿಕೆಯ ಅರ್ತ್ ಕಂಪ್ಯೂಟರ್ ಕಡೆ ಮಾತ್ರ. ಕ್ಲಚ್ ವೈರ್, ಪ್ಲಗ್ ವೈರ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಟೇಪ್ ಸುತ್ತಬೇಡಿ.

ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರ್ ಆದರೆ ಅವೆರಡು ಅದಲು ಬದಲಾದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಮೋಸ ಇರುವುದೇ ಅಲ್ಲಿ. ಕಂಪ್ಯೂಟರಿನಲ್ಲಿ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ, ಲೈಟ್ ಹಿಡಿದು 1000ದಲ್ಲೂ 3000ದಲ್ಲೂ ನೋಡಿ. ಗುರುತು ಜರುಗಿದರೆ ವೈರ್ ಅದಲು ಬದಲಾಗಿವೆ.

ಕರೆಂಟಿನ ಲೆಕ್ಕ ಬರೆದು ನೋಡೋಣ. ಮಳೆಯ ರಾತ್ರಿ, ಎಸಿ ಆನ್: ದೀಪಗಳಿಗೆ 12 ಆಂಪಿಯರ್, ಬ್ಲೋವರ್‌ಗೆ 12, ಕಂಡೆನ್ಸರ್ ಫ್ಯಾನ್‌ಗೆ 10, ಕ್ಲಚ್‌ಗೆ 4, ವೈಪರ್‌ಗೆ 4, ಹೊಸ ಇಗ್ನಿಶನ್‌ಗೆ 5–6. ಹತ್ತಿರ ಹತ್ತಿರ 48. ಹಳೆಯ ಗಾಡಿಯ 45–55 ಆಂಪಿಯರ್ ಆಲ್ಟರ್ನೇಟರ್ ಇದನ್ನು ಹೈವೇಯಲ್ಲಿ ಕೊಟ್ಟೀತು, ಚೆನ್ನಮ್ಮ ಸರ್ಕಲ್ ಸಿಗ್ನಲ್‌ನಲ್ಲಿ ಐಡ್ಲಿಂಗ್‌ನಲ್ಲಿ ಅರ್ಧವೂ ಕೊಡುವುದಿಲ್ಲ. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ, ವೋಲ್ಟೇಜ್ ಇಳಿಯುತ್ತದೆ, ಕಾಯಿಲ್ ಪೂರ್ತಿ ತುಂಬುವುದಿಲ್ಲ. ‘ಎಸಿ ಇಗ್ನಿಶನ್ನಿನ ಕರೆಂಟ್ ತಿನ್ನುತ್ತದೆ’ ಎಂಬ ಮಾತಿನಲ್ಲಿ ನಿಜ ಇರುವುದು ಇಷ್ಟು. ಎಲ್ಲ ಆನ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಕಾಯಿಲ್ ಪಾಸಿಟಿವ್‌ಗೆ ಇಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ವೈರಿಂಗ್ ಸೋತಿದೆ, ಇಗ್ನಿಶನ್‌ಗೆ ಬ್ಯಾಟರಿಯಿಂದ ನೇರ ರಿಲೇ ಕೊಡಿ. ಆಲ್ಟರ್ನೇಟರ್ 65–75 ಆಂಪಿಯರಿನದು ಹಾಕಿಸಿಕೊಂಡರೆ ಆ ದುಡ್ಡು ವ್ಯರ್ಥವಾಗುವುದಿಲ್ಲ.

ಸಿಗ್ನಲ್‌ನಲ್ಲಿ ಬಂದ್ ಬೀಳುವುದಕ್ಕೆ ಬರುತ್ತೇನೆ. ಕಾರ್ಬ್ಯುರೇಟರ್ ಗಾಡಿಗೆ ಎಸಿ ಹಾಕುವಾಗ ಐಡಲ್ ಅಪ್ ಎಂಬ ಒಂದು ಡಯಾಫ್ರಾಮ್ ಕೊಡುತ್ತಾರೆ. ಎಸಿ ಸ್ವಿಚ್ ಒತ್ತಿದೊಡನೆ ಅದು ವ್ಯಾಕ್ಯೂಮ್‌ನಿಂದ ಎಳೆದು ಥ್ರಾಟಲ್ಲನ್ನು ಕೂದಲೆಳೆಯಷ್ಟು ತೆರೆಯುತ್ತದೆ. ಅದರ ಸಣ್ಣ ರಬ್ಬರ್ ಪೈಪ್ ಬಿಸಿಗೆ ಒಡೆದಿರುತ್ತದೆ, ಇಲ್ಲವೇ ಯಾರೋ ಕಿತ್ತು ಸ್ಕ್ರೂ ತುರುಕಿರುತ್ತಾರೆ. ಪೈಪ್ ಬಿಚ್ಚಿ ಬಾಯಿಂದ ಎಳೆದು ನಾಲಗೆಯಿಂದ ಮುಚ್ಚಿ ಹಿಡಿಯಿರಿ. ಅದು ಅಲ್ಲೇ ಹಿಡಿದು ನಿಂತರೆ ಡಯಾಫ್ರಾಮ್ ಚೆನ್ನಾಗಿದೆ, ಗಾಳಿ ಬಂದರೆ ಹರಿದಿದೆ. ನಿಮ್ಮ ಗಾಡಿಯ ಅರ್ಧ ದುಃಖ ಇಲ್ಲೇ ಮುಗಿಯುತ್ತದೆ ಎಂದು ನನ್ನ ಅಂದಾಜು. ಕಿಟ್ ಹಾಕುವಾಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಮುಚ್ಚುವ ಭರದಲ್ಲಿ ಇದನ್ನೂ ಮುಚ್ಚದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಪ್ರೋಗ್ರಾಮೆಬಲ್ ಇಗ್ನಿಶನ್ ಎಸಿಗೆ ಶತ್ರುವಲ್ಲ, ನೆಂಟ ಎನ್ನುವುದೂ ಇಲ್ಲೇ. 850 ಆರ್‌ಪಿಎಂನಲ್ಲಿ 10 ಡಿಗ್ರಿ ಇಟ್ಟು, 700ಕ್ಕೆ ಇಳಿದರೆ 15–16 ಡಿಗ್ರಿ ಆಗುವಂತೆ ಮ್ಯಾಪ್, ಅಂದರೆ ವೇಗಕ್ಕೆ ತಕ್ಕ ಅಡ್ವಾನ್ಸ್‌ನ ಪಟ್ಟಿ, ಬರೆಯಬಹುದು. ಕಂಪ್ರೆಸರ್ ಹಿಡಿದು ಎಂಜಿನ್ ಕುಸಿಯತೊಡಗಿದ ಕೂಡಲೇ ಅಡ್ವಾನ್ಸ್ ಹೆಚ್ಚಿ ಅದನ್ನು ಎತ್ತಿ ಹಿಡಿಯುತ್ತದೆ. ಹಳೆಯ ತೂಕ-ಸ್ಪ್ರಿಂಗ್ ಇದನ್ನು ಎಂದೂ ಮಾಡಲಾರದು. ನೀವು ತರಿಸಿದ ಕಿಟ್‌ನ ನಿಜವಾದ ಬೆಲೆ ನನ್ನ ಪ್ರಕಾರ 6000 ಆರ್‌ಪಿಎಂನಲ್ಲಿಲ್ಲ, ಈ 700ರಲ್ಲಿದೆ.

ಮೇಲಿನ ವೇಗದಲ್ಲಿ ಮಾತ್ರ ಹುಷಾರು. ಹೆಡ್ ಶೇವ್ ಆಗಿ ಕಂಪ್ರೆಶನ್ ಏರಿದೆ, ಎಸಿ ಕಂಡೆನ್ಸರಿನ ಬಿಸಿಯೂ ರೇಡಿಯೇಟರ್ ಮೇಲೆ ಬೀಳುತ್ತದೆ, ಮೇಲಿಂದ ನಮ್ಮ ಬೇಸಿಗೆ. ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವುದು, ಬರಲು ಬೇರೆ ಕಾರಣವೇ ಬೇಡ. ಕಿಟ್‌ನಲ್ಲಿ ಮೊದಲೇ ಇರುವ ಮ್ಯಾಪ್ ನಂಬಬೇಡಿ. ಕಂಪನಿ ಹೇಳಿದ ಅಡ್ವಾನ್ಸ್‌ಗಿಂತ 3 ಡಿಗ್ರಿ ಕಡಿಮೆಯಿಂದ ಶುರು ಮಾಡಿ, ಎಸಿ ಹಾಕಿ, ನಾಲ್ಕು ಜನ ಕೂತು, ಏರಿನಲ್ಲಿ ಟಾಪ್ ಗೇರ್‌ನಲ್ಲಿ ಆಕ್ಸಲರೇಟರ್ ಒತ್ತಿ ಕಿವಿಗೊಡಿ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದರೆ ಇನ್ನೂ ಇಳಿಸಿ.

ಕಂಪ್ರೆಸರಿನ ವೇಗವನ್ನೂ ಮರೆಯಬೇಡಿ. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಕಂಪ್ರೆಸರ್ ಪುಲ್ಲಿ 125 ಇದ್ದರೆ ಎಂಜಿನ್ 6000ದಲ್ಲಿ ತಿರುಗುವಾಗ ಕಂಪ್ರೆಸರ್ 7200ರಲ್ಲಿ ತಿರುಗುತ್ತದೆ. ನಿಮ್ಮ ಕಿಟ್‌ನಲ್ಲಿ ಹೆಚ್ಚುವರಿ ಔಟ್‌ಪುಟ್ ಇದ್ದರೆ 4500 ದಾಟಿದ ಕೂಡಲೇ ಕ್ಲಚ್ ಬಿಡುವಂತೆ ರಿಲೇ ಹಾಕಿಸಿ. ಓವರ್‌ಟೇಕ್ ಮಾಡುವ ಹತ್ತು ಸೆಕೆಂಡ್ ಎಸಿ ಇಲ್ಲದಿದ್ದರೆ ತಾಯಿಯವರಿಗೆ ಗೊತ್ತೂ ಆಗುವುದಿಲ್ಲ. ಹತ್ತಿಯ ಕಾಲದಲ್ಲಿ ಜಿನ್ನಿಂಗ್ ಮಿಲ್ಲುಗಳ ಮುಂದೆ ಹಾಯ್ದು ಬರುವ ಗಾಡಿಗಳ ಎಸಿ ಕಂಡೆನ್ಸರಿನಲ್ಲಿ ಅರಳೆ ಕೂತು ಕಂಬಳಿಯಾಗಿರುತ್ತದೆ. ಅದನ್ನು ನೀರಿನಿಂದ ತೊಳೆಸಿದರೂ ಎಂಜಿನ್ ಮೇಲಿನ ಭಾರ ಕಡಿಮೆಯಾಗುತ್ತದೆ.

ಕಾಯ್ದೆಯ ಮಾತು ಒಂದು. ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂಥ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಎಂಜಿನ್ ಬದಲಿಸುವುದು ಅಂಥದ್ದು. ಇಗ್ನಿಶನ್ ಆರ್‌ಸಿಯಲ್ಲಿ ಬರೆಯುವ ಬಾಬಲ್ಲ, ಆದರೂ ಹೊಗೆ ತಪಾಸಣೆ ಪಾಸಾಗಬೇಕು, ವಿಮೆಯವರಿಗೆ ಒಂದು ಪತ್ರ ಬರೆದಿಡುವುದು ಒಳ್ಳೆಯದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಿಟ್‌ನ ಡಬ್ಬಿಯನ್ನು ಒಂದು ತಿಂಗಳು ಕಪಾಟಿನಲ್ಲೇ ಇಡುತ್ತಿದ್ದೆ. ಮೊದಲು ಡಿಸ್ಟ್ರಿಬ್ಯೂಟರ್ ಬುಶ್, ಎಲೆಕ್ಟ್ರಾನಿಕ್ ಪಿಕಪ್, ಐಡಲ್ ಅಪ್, ಅರ್ತ್ ವೈರ್, ಡಯೋಡ್. ಎರಡು ಸಲ ಆಸ್ಪತ್ರೆಗೆ ಹೋಗಿ ಬನ್ನಿ. ಆಮೇಲೂ ಆಸೆ ಉಳಿದಿದ್ದರೆ ಮಣ್ಣಿನ ಉಂಡೆ ಇಟ್ಟು ಅಳೆಯಿರಿ. ಜಾಗ ಇದ್ದರೆ ಪುಲ್ಲಿಯ ಹಿಂದೆ ಚಕ್ರ, ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಒಳಗೆ ಸೆನ್ಸರ್. ಹೊಸದು ಹಾಕಿಸಿದ ಮೇಲೆ ಪಿಕಪ್ ಹಾಕಿದ ಹಳೆಯ ಸೆಟ್ ಮಾರಬೇಡಿ, ಎಸೆಯಬೇಡಿ. ಕಾಯಿಲ್, ಕ್ಯಾಪ್, ವೈರ್ ಸಮೇತ ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಡಿ. ಜೊತೆಗೆ ಒಂದು ಹೊಸ ಎಸಿ ಬೆಲ್ಟ್, ಮತ್ತು ಯಾವ ವೈರ್ ಎಲ್ಲಿಗೆ ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದ ಒಂದು ಚೀಟಿ. ಅಣ್ಣಿಗೇರಿಯ ಆ ಹುಡುಗ ಅದನ್ನು ಓದಿಕೊಂಡು ಅರ್ಧ ತಾಸಿನಲ್ಲಿ ನಿಮ್ಮ ತಾಯಿಯವರನ್ನು ಮನೆಗೆ ಕಳಿಸುವಂತಿರಬೇಕು.